ಮೇಸ್ತ್ರಿ ಕಿವಿಗೆ ಹಾಕಿದ ಗೇಮ್ ಹಾಡುಗಳು

ಊರಲ್ಲಿ ಸಾವಿರ ಜನ ಇದ್ದರೂ ಎಡವಟ್ಟುಗಳು ಮಾತ್ರ ನನ್ನ ಮನೆ ಬಾಗಿಲೇ ಹುಡುಕಿಕೊಂಡು ಬರ್ತವೆ. ಬಂದವು ಕೂತು ಕಾಫಿ ಕುಡಿದೇ ಹೋಗ್ತವೆ.

ದೊಡ್ಡಬಳ್ಳಾಪುರಕ್ಕೆ ಟಿವಿ ಗೇಮ್ ಬಂದ ಕಾಲದಲ್ಲಿ, ಗೇಮಿನ ಹಾಡಿಗೆ ಹೊಸ ತಾಳ ಕಟ್ಟಿ ಕ್ಯಾಸೆಟ್ ಮಾಡಿದವನು ಯಾವನೇ ಆಗಲಿ, ಮೊದಲು ನನ್ನ ಕಿವಿಗೆ ಹಾಕದೆ ಇನ್ನೊಬ್ಬರಿಗೆ ಕೇಳಿಸಿದ್ದಿಲ್ಲ. ನಾನು ‘ಹೂಂ’ ಅಂದರೆ ಅದು ಹಾಡು, ‘ಊಹೂಂ’ ಅಂದರೆ ಬರೀ ಟೇಪು. ಬೆಂಗಳೂರಿಂದ ಕಾರು ಮಾಡಿಕೊಂಡು ಬಂದು ನನ್ನ ಅಭಿಪ್ರಾಯ ಕೇಳಿಕೊಂಡು ಹೋದವರಿದ್ದಾರೆ. ಸುಳ್ಳು ಅನ್ನೋಕೆ ಯಾರಿದ್ದಾರೆ? ಗಂಟೆಗಿಷ್ಟು ಅಂತ ಆಡಿಸ್ತಿದ್ದ ಗೇಮ್ ಅಂಗಡಿಯವನು ತೀರಿಕೊಂಡ. ಅವನ ಅಂಗಡಿ ರಸ್ತೆ ಅಗಲ ಮಾಡುವಾಗ ಹೋಯ್ತು. ಭಜನೆ ಮನೆಯ ಹಾರ್ಮೋನಿಯಂ ಅಜ್ಜ ಅದಕ್ಕೂ ಮೊದಲೇ ಹೋದರು. ನನ್ನ ಹೆಂಡತಿ ಹೋಗಿ ಮೂರು ವರ್ಷವಾಯ್ತು. ಕೀಬೋರ್ಡ್ ನುಡಿಸುತ್ತಿದ್ದವನು ಊರು ಬಿಟ್ಟು ಆಂಧ್ರದ ಕಡೆ ಹೋದ, ಇದ್ದಾನೋ ಇಲ್ಲವೋ. ಉಳಿದವನು ನಾನೊಬ್ಬ. ಆದ್ದರಿಂದ ನಾನು ಹೇಳಿದ್ದೇ ನಿಜ.

ನನಗೆ ಓದು ಬರಹ ಬರಲ್ಲ. ನಾನು ಹೇಳ್ತೀನಿ, ನಮ್ಮ ಸೊಸೆ ಬರಕೊಳ್ತಾಳೆ. ಹೊಸಕೋಟೆ ಕಡೆಯವಳು, ಅವರಪ್ಪ ಪಿಲ್ಲಗುಂಪೆಯ ಫ್ಯಾಕ್ಟರಿಯಲ್ಲಿದ್ದವರು. ಆ ಕಾಲದಲ್ಲಿ ಅವಳು ಈ ಊರಿಗೆ ಕಾಲೇ ಇಟ್ಟಿರಲಿಲ್ಲ. ಬರೆಯೋದಕ್ಕೆ ಇಂಥವರೇ ಬೇಕು.

ಬೆರಳಿಗೆ ಸುತ್ತಿದ ಬಟ್ಟೆ

ನಾನು ಪವರ್‌ಲೂಮ್ ರಿಪೇರಿ ಮೇಸ್ತ್ರಿ. ಮಗ್ಗದ ಸದ್ದು ಕೇಳಿದರೆ ಸಾಕು, ಅದರ ಕಾಯಿಲೆ ಹೇಳ್ತಾನೆ ಅಂತ ಹೆಸರು. ಒಂದು ಸಲ ಬಸ್ ಸ್ಟ್ಯಾಂಡ್ ಹೋಟೆಲಲ್ಲಿ ಇಡ್ಲಿ ತಿಂತಾ, “ಹಿಂದಿನ ಬೀದಿ ಶೆಡ್ಡಲ್ಲಿ ಕಿಟಕಿ ಪಕ್ಕದ ಮಗ್ಗದಿಂದ ಇನ್ನು ಹತ್ತು ನಿಮಿಷಕ್ಕೆ ಲಾಳಿ ಹಾರಿ ಆಚೆ ಬೀಳ್ತದೆ” ಅಂದೆ. ಬಿತ್ತು. ಗೋಡೆ ತೂತಾಯ್ತು. ಊರೆಲ್ಲ ಕೈ ಮುಗೀತು. ಇಡ್ಲಿಗೆ ಬರೋ ಮುಂಚೆ ಅದೇ ಮಗ್ಗದ ಬೋಲ್ಟು ಬಿಗಿ ಮಾಡೋದು ಮರೆತು ಬಂದವನು ನಾನೇ ಅನ್ನೋದು ಬೇರೆ ಮಾತು.

ಇನ್ನೊಂದು ಬೇರೆ ಮಾತೂ ಇದೆ. ಮೂವತ್ತು ವರ್ಷ ಮಗ್ಗಗಳ ನಡುವೆ ನಿಂತು ನಿಂತು ನನ್ನ ಎಡಗಿವಿ ಪೂರಾ ಸತ್ತಿತ್ತು. ಬಲಗಿವಿ ಅದರ ಹಿಂದೆಯೇ ಹೊರಟಿತ್ತು. ಇದು ನನ್ನ ಹೆಂಡತಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಮಗ್ಗದ ಚೌಕಟ್ಟಿನ ಮೇಲೆ ಅಂಗೈ ಇಟ್ಟು ಅದರ ನಡುಕದಲ್ಲೇ ಕಾಯಿಲೆ ಕಂಡುಹಿಡೀತಿದ್ದೆ. ಆದರೆ ಕಿವುಡ ಮೇಸ್ತ್ರಿ ಅಂತ ಗೊತ್ತಾದರೆ ಯಾವ ಶೆಡ್ಡಿನವರು ಕರೀತಾರೆ? ಗೊತ್ತಾದ ದಿನವೇ ನಮ್ಮನೆ ಒಲೆ ಆರಿತು ಅಂತ ಲೆಕ್ಕ. “ಯಾರ ಮುಂದೂ ‘ಆಂ?’ ಅನ್ನಬೇಡಿ, ‘ಹೂಂ’ ಅನ್ನಿ” ಅಂತ ಅವಳು ಕಲಿಸಿಕೊಟ್ಟಿದ್ದಳು.

ಹಿಂಗಿರುವಾಗ ಕೀಬೋರ್ಡ್‌ನವನು ಬಂದ. ಮಾಮೂಲಿ ದಿನ ಮಗ್ಗ ನೇಯೋನು, ಮದುವೆ ಕಾಲದಲ್ಲಿ ಆರ್ಕೆಸ್ಟ್ರಾಕ್ಕೆ ಹೋಗೋನು. ಇಟ್ಟಿಗೆ ಬೀಳೋ ಆಟದಲ್ಲಿ ಟುಂಯ್ ಟುಂಯ್ ಅಂತ ಬರ್ತದಲ್ಲ ಹಾಡು, ಅದಕ್ಕೆ ತಮಟೆ ತಾಳ ಹಾಕಿ, ನಡುನಡುವೆ ತನ್ನದೂ ಒಂದಿಷ್ಟು ಸೇರಿಸಿ ಕ್ಯಾಸೆಟ್ಟಿಗೆ ತುಂಬಿಕೊಂಡು ಗೇಮ್ ಅಂಗಡಿಗೆ ತಂದಿದ್ದ. ರೀಮಿಕ್ಸು ಅಂತೆ. ಅಂಗಡಿಯವನು, “ನಂಗೇನ್ ತಿಳೀತದೆ ಗುರು, ಮೇಸ್ತ್ರಿ ಕಿವಿಗೆ ಹಾಕು” ಅಂದ.

ಸ್ಪೀಕರ್ ಡಬ್ಬದ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದೆ. ಅಂಗೈಗೆ ಇರುವೆ ಹರಿದಂಗಾಯ್ತು, ಅಷ್ಟೇ. ಮುಗಿದ ಮೇಲೆ ಹೇಳಿದೆ: “ಬಲಗೈ ಓಡ್ತಾ ಇದೆ ಕಣಯ್ಯ, ಎಡಗೈ ಕುಂಟ್ತಾ ಇದೆ.”

ಅವನ ಮುಖ ಬಿಳುಚಿಕೊಳ್ತು. “ಅಯ್ಯೋ ಮೇಸ್ತ್ರಿಗಳೇ! ಎಡಗೈ ಬೆರಳು ಮಗ್ಗಕ್ಕೆ ಸಿಕ್ಕಿ ನಾಲ್ಕು ದಿನ ಆಯ್ತು. ಟೇಪಲ್ಲಿ ಅದೂ ಕೇಳಿಸ್ತಾ?”

ಬೆರಳಿಗೆ ಅವನು ಸೀರೆ ಅಂಚಿನಷ್ಟು ಅಗಲದ ಬಟ್ಟೆ ಸುತ್ತಿಕೊಂಡು ಬಂದಿದ್ದ. ಅಂಗಡಿಯಲ್ಲಿದ್ದವರೆಲ್ಲ ಹಾಡು ಕೇಳ್ತಿದ್ದರು, ಪಾಪ. ನೋಡ್ತಿದ್ದವನು ನಾನೊಬ್ಬನೇ.

ಆರಿಹೋದ ಹಾಡು

ಅಲ್ಲಿಂದ ಪ್ರತಿ ಭಾನುವಾರ ಗೇಮ್ ಅಂಗಡಿಯಲ್ಲಿ ನಮ್ಮ ದರ್ಬಾರು. ಅವನು ಕ್ಯಾಸೆಟ್ ತರೋದು, ನಾನು ತಪ್ಪು ಹೇಳೋದು, ಅವನು ಹೋಗಿ ತಿದ್ದಿಕೊಂಡು ಬರೋದು.

ಕಿವಿ ಇಲ್ಲದೆ ತಪ್ಪು ಹೇಗೆ ಹೇಳ್ತಿದ್ದೆ ಅಂತೀರಾ? ಶೆಡ್ಡಲ್ಲಿ ಮಗ್ಗ ಓಡುವಾಗ ಪಕ್ಕದಲ್ಲಿ ನಿಂತವನು ಕೂಗಿದರೂ ಕೇಳಲ್ಲ. ನಾವೆಲ್ಲ ತುಟಿ ನೋಡಿಯೇ ಮಾತಾಡೋ ಜನ. ಅದರಲ್ಲಿ ನಾನು ಪಂಡಿತ. ಪುಸ್ತಕದ ಅಕ್ಷರ ಒಂದೂ ಗೊತ್ತಿಲ್ಲ, ತುಟಿಯ ಅಕ್ಷರ ಒಂದೂ ಬಿಡಲ್ಲ. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಅರ್ಧ ಮೈಲಿ ದೂರದಲ್ಲಿದ್ದ ದಲ್ಲಾಳಿ ಬಾಯಿ ನೋಡಿ ಎತ್ತಿನ ಕ್ರಯ ಹೇಳಿದ್ದೀನಿ. ಎತ್ತಿನ ಬಾಯಿ ನೋಡಿ ಹೇಳಿದೆ ಅಂತಾರೆ ಕೆಲವರು, ಅದು ಅತಿಯಾಯ್ತು.

ಅಂಗಡಿಯ ಮೂಲೆ ಬೆಂಚಲ್ಲಿ ಹಾರ್ಮೋನಿಯಂ ಅಜ್ಜ ಕೂರೋರು. ಸಂಗೀತ ಬಲ್ಲವರು, ಸಂಕೋಚದವರು. ತಪ್ಪು ಬಂದರೆ ತಮ್ಮಷ್ಟಕ್ಕೆ ಗೊಣಗಿಕೊಳ್ಳೋರು. “ಶ್ರುತಿ ಸೇರಲಿಲ್ಲ” ಅಂತ ಅವರ ತುಟಿ ಅಲ್ಲಾಡಿದರೆ ಇಲ್ಲಿ ನಾನು ಗಟ್ಟಿಯಾಗಿ, “ಶ್ರುತಿ ಸೇರಲಿಲ್ಲ ಕಣಯ್ಯ!” ಅನ್ನೋದು. ಅಜ್ಜ ಬೆರಗಾಗಿ, “ನನ್ನ ಮನಸ್ಸಲ್ಲಿದ್ದದ್ದನ್ನೇ ಹೇಳಿಬಿಟ್ಟ!” ಅನ್ನೋರು.

ಒಂದು ಭಾನುವಾರ ಟ್ಯಾಂಕು ಹೊಡೆದಾಡೋ ಆಟದ ಹಾಡು ತಂದಿದ್ದ. ಒಂದು ತಿಂಗಳ ಕೆಲಸ. ಅಜ್ಜನ ತುಟಿ ನೋಡಿದೆ. ಅಲ್ಲಾಡಿತು. ನಾನು ಗಂಭೀರವಾಗಿ ಹೇಳಿದೆ: “ಪೂರ್ತಿ ಆರಿಹೋಗಿದೆ. ಸಿಹಿ ಸಾಲದು. ಇನ್ನೊಂದು ಸಲ ಕಾಯಿಸಿಕೊಂಡು ಬಾ.”

ಅಜ್ಜನ ಕೈಯಲ್ಲಿ ಟೀ ಲೋಟ ಇದ್ದದ್ದು ನಾನು ಆಮೇಲೆ ಕಂಡೆ.

ಕೀಬೋರ್ಡ್‌ನವನು ತಲೆ ಬಗ್ಗಿಸಿ ಕೇಳಿಸಿಕೊಂಡ. “ಹೌದು ಮೇಸ್ತ್ರಿಗಳೇ, ನಂಗೂ ಒಳಗೊಳಗೇ ಹಂಗೇ ಅನ್ನಿಸ್ತಿತ್ತು” ಅಂತ ಹೋಗಿ, ಹದಿನೈದು ದಿನ ಕೂತು, ಜೋರು ತಾಳ ಹಾಕಿ, ಕೊಳಲಿನ ಸ್ವರ ಸೇರಿಸಿ ತಂದ. ಅಂಗಡಿಯವರೆಲ್ಲ ಎದ್ದು ಕುಣಿದರಂತೆ. ಅಜ್ಜನೂ ನನ್ನ ಬೆನ್ನು ತಟ್ಟಿ, “ಕಿವಿ ಅಂದ್ರೆ ಇದಪ್ಪ” ಅಂದರು.

ಟೀಯವನಿಗೆ ಮಾತ್ರ ಯಾರೂ ಏನೂ ಹೇಳಲಿಲ್ಲ. ಕೊನೆವರೆಗೂ ಅವನು ಆರಿದ ಟೀನೇ ಕೊಟ್ಟ.

ಅರಿಶಿನಕುಂಟೆಯ ಮದುವೆ

ಅರಿಶಿನಕುಂಟೆಯಲ್ಲಿ ಒಂದು ಮದುವೆ. ಹಿಂದಿನ ದಿನದ ಆರತಕ್ಷತೆಗೆ ಕೀಬೋರ್ಡ್‌ನವನ ಆರ್ಕೆಸ್ಟ್ರಾ, ನಾನು ಹೆಣ್ಣಿನ ಕಡೆ ನೆಂಟ. ಬೆಳಗ್ಗೆ ನೋಡಿದರೆ ಓಲಗದವರ ಪತ್ತೆ ಇಲ್ಲ. ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿದೆ. ಮುಹೂರ್ತ ನಿಲ್ಲತ್ತಾ? ಹೆಣ್ಣಿನ ತಂದೆ ಓಡಿ ಬಂದು ಕೀಬೋರ್ಡ್‌ನವನ ಕೈ ಹಿಡಿದರು: “ಏನಪ್ಪಾ, ತಾಳಿ ಕಟ್ಟೋ ಹೊತ್ತಿಗೆ ನಾದಸ್ವರದ ಥರ ಏನಾದ್ರೂ ನುಡಿಸಿ ಮಾನ ಉಳಿಸು.”

ಅವನು ನನ್ನ ಕಡೆ ತಿರುಗಿದ. “ಯಾವುದು ನುಡಿಸ್ಲಿ ಮೇಸ್ತ್ರಿಗಳೇ?”

ಅವನ ಕ್ಯಾಸೆಟ್ಟಲ್ಲಿ ಒಂದು ಚೂರು ನನ್ನ ಅಂಗೈಗೆ ಬಹಳ ಹಿಡಿಸಿತ್ತು. ಮೆಟ್ಟಿಲಿಂದ ಹಂಡೆ ಉರುಳಿದ ಹಾಗೆ ದುಡುದುಡು ಅಂತ ಇಳಿಯೋದು. “ಆ ಇಳಿಯೋ ತುಂಡು ಇದೆಯಲ್ಲ, ಗಟ್ಟಿಮೇಳಕ್ಕೆ ಅದೇ ಸರಿ” ಅಂದೆ. ಅವನು ವೈರು ಸಿಕ್ಕಿಸ್ತಾ ಬಗ್ಗಿಕೊಂಡೇ ಏನೋ ಹೇಳಿದ. ತುಟಿ ಕಾಣಲಿಲ್ಲ. ನಾನು “ಹೂಂ” ಅಂದೆ.

ಅದು ಹಾರೋ ಕುಳ್ಳನ ಆಟದಲ್ಲಿ ಕುಳ್ಳ ಗುಂಡಿಗೆ ಬಿದ್ದು ಸಾಯುವಾಗ ಬರೋ ಹಾಡಂತೆ. ಅವನು ಹೇಳ್ತಿದ್ದದ್ದು ಅದೇ.

ಮದುಮಗ ತಾಳಿ ಎತ್ತಿದ. ಪುರೋಹಿತರು “ಗಟ್ಟಿಮೇಳ” ಅಂದರು. ದುಡುದುಡು ಇಳಿಯಿತು. ನೆಲಮಂಗಲದ ಗೇಮ್ ಅಂಗಡಿಗೆ ಹೋಗಿ ಹೋಗಿ ಪಳಗಿದ ಮಕ್ಕಳು ಒಂದಿಪ್ಪತ್ತು, ಅಕ್ಷತೆ ಹಿಡಿದು ಮುಂದೇ ನಿಂತಿದ್ದವು. ಒಂದೇ ದನಿಯಲ್ಲಿ ಕಿರುಚಿದವು: “ಲೈಫ್ ಹೋಯ್ತು!”

ಮದುಮಗನ ಕೈ ಅಲ್ಲೇ ನಿಂತುಬಿಡ್ತು. ಗಂಡಿನ ಕಡೆಯವರು ಎದ್ದು ಗಲಾಟೆ. ಹೆಣ್ಣಿನ ತಾಯಿ ಅಳು. ಮದುಮಗನ ದೊಡ್ಡಪ್ಪ ಒಬ್ಬರೇ ತಣ್ಣಗೆ ಕೂತಿದ್ದರು. ನಾಲ್ಕು ಹೆಣ್ಣುಮಕ್ಕಳ ಮದುವೆ ಮಾಡಿದವರು. ಅವರ ತುಟಿ ನಾನು ಸರಿಯಾಗಿ ಓದಿದೆ: “ಮಕ್ಕಳು ದೇವರಿದ್ದಂಗೆ. ಸುಳ್ಳು ಹೇಳಲ್ಲ.”

ಮೀಸೆ ಯಜಮಾನರ ಪರೀಕ್ಷೆ

ಆ ವರ್ಷ ಕೀಬೋರ್ಡ್‌ನವನನ್ನ ಮತ್ತೊಂದು ಮದುವೆಗೆ ಯಾರೂ ಕರೀಲಿಲ್ಲ. ನನ್ನನ್ನ ಬಯ್ಯುತ್ತಾನೆ ಅಂದುಕೊಂಡಿದ್ದೆ. ಅವನು ಬಂದು, “ನಿಮ್ಮ ಕಿವಿ ತಪ್ಪಲ್ಲ ಮೇಸ್ತ್ರಿಗಳೇ, ನಾನೇ ಸರಿಯಾಗಿ ನುಡಿಸಲಿಲ್ಲ. ಎಲ್ಲಾ ಆಟದ ಹಾಡೂ ಸೇರಿಸಿ ಒಂದು ದೊಡ್ಡದು ಮಾಡ್ತಿದ್ದೀನಿ. ನೀವು ಚೆನ್ನಾಗಿದೆ ಅಂದ್ರೆ ಬೆಂಗಳೂರಿಗೆ ತಗೊಂಡೋಗಿ ತೋರಿಸ್ತೀನಿ. ಇಲ್ಲ ಅಂದ್ರೆ ಬಿಟ್ಬಿಡ್ತೀನಿ” ಅಂದ. ಆ ರಾತ್ರಿ ಹೆಂಡತಿ, “ನಿಜ ಹೇಳಿಬಿಡಿ ಅವನೊಬ್ಬನಿಗೆ” ಅಂದಳು. ಅವಳ ಮುಖ ನನಗೆ ಎದುರಿಗೇ ಇತ್ತು. ಆದರೂ ಕೇಳದವನ ಹಾಗೆ ಮಗ್ಗುಲಾದೆ.

ಅದೇ ಹೊತ್ತಿಗೆ ದೊಡ್ಡ ಶೆಡ್ಡಿನ ಯಜಮಾನರಿಗೆ ನನ್ನ ಮೇಲೆ ಅನುಮಾನ ಬಿತ್ತು. ಅವರದ್ದು ಮೀಸೆ ಅಂದರೆ ಮೀಸೆ, ಎರಡು ತುಟಿಗೂ ಪರದೆ. ಅವರು ಏನು ಕೇಳಿದರೂ ನನ್ನದು ಒಂದೇ ಉತ್ತರ, “ಹೂಂ.” ಒಂದು ದಿನ “ಮಗ್ಗ ಯಾಕಯ್ಯ ನಿಂತದೆ?” ಅಂತ ಕೇಳಿದರಂತೆ. ನಾನು “ಹೂಂ” ಅಂದೆನಂತೆ. ಅವರು ಊರಿಗೆಲ್ಲ ಹೇಳಿದರು: “ಭಾನುವಾರ ಗೇಮ್ ಅಂಗಡಿಗೆ ನಾನೂ ಬರ್ತೀನಿ. ಈ ಕಿವಿ ನಾನೂ ನೋಡೇಬಿಡ್ತೀನಿ.” ಅವರು ನನ್ನನ್ನ ಕೆಲಸಕ್ಕೆ ಕರೆಯೋದು ಬಿಟ್ಟರೆ ಮಿಕ್ಕ ಶೆಡ್ಡಿನವರೂ ಬಿಟ್ಟಂಗೇ.

ಭಾನುವಾರ ಬಂತು. ಅಂಗಡಿ ತುಂಬ ಜನ. ಯಜಮಾನರು ಬಂದವರೇ ನನ್ನ ಎರಡೂ ಕೈ ಹಿಡಿದು ನನ್ನ ಮಡಿಲಲ್ಲೇ ಇಟ್ಟರು. ಡಬ್ಬ ಮುಟ್ಟೋ ಹಂಗಿಲ್ಲ. ಆಮೇಲೆ ಎಲ್ಲರ ಕಡೆ ತಿರುಗಿ ಬಾಯಿ ಮೇಲೆ ಬೆರಳಿಟ್ಟರು. ಒಂದು ತುಟಿಯೂ ಅಲ್ಲಾಡೋ ಹಂಗಿಲ್ಲ. ಅಂಗೈನೂ ಹೋಯ್ತು, ಅಜ್ಜನ ತುಟಿಯೂ ಹೋಯ್ತು. ಉಳಿದದ್ದು ಕಣ್ಣು.

ಕೀಬೋರ್ಡ್‌ನವನು ಕ್ಯಾಸೆಟ್ ಹಾಕಿ ಬಟನ್ ಒತ್ತಿದ. ಟೇಪು ತಿರುಗ್ತಾ ಇದೆ. ಸುತ್ತ ನೋಡಿದೆ. ಉಸಿರಾಡೋರೂ ಇಲ್ಲ. ಅಂಗಡಿಯವನು ಬಾಯಿ ತೆರೆದುಕೊಂಡು ಕೂತಿದ್ದಾನೆ. ಅಜ್ಜ ನೆಲ ನೋಡ್ತಿದ್ದಾರೆ. ಕೀಬೋರ್ಡ್‌ನವನ ಹಣೆಯಲ್ಲಿ ಬೆವರು ಧಾರೆ. ಏಳಕ್ಕೆ ಹೋದ, ಯಜಮಾನರು ಭುಜ ಒತ್ತಿ ಕೂರಿಸಿದರು. ಇಷ್ಟು ವರ್ಷದಲ್ಲಿ ಯಾವ ಹಾಡಿಗೂ ಜನ ಹಿಂಗೆ ಕಲ್ಲಾಗಿ ಕೂತದ್ದು ನಾನು ಕಂಡಿರಲಿಲ್ಲ. ಅಬ್ಬಾ, ಎಂಥದ್ದೋ ಮಾಡಿದ್ದಾನೆ ಮಹರಾಯ ಅಂದುಕೊಂಡೆ. ತಲೆದೂಗಿದೆ. ತೊಡೆ ಮೇಲೆ ತಾಳ ಹಾಕಿದೆ. ನಡುವೆ ಒಂದು ಸಲ ಕಣ್ಣೂ ಒರೆಸಿಕೊಂಡೆ.

ಯಜಮಾನರು ಟೇಪು ನಿಲ್ಲಿಸಿ ನನ್ನ ಕಡೆ ಗದ್ದ ಎತ್ತಿದರು. ನಾನು ಎದ್ದು ನಿಂತು ಹೇಳಿದೆ: “ಇಷ್ಟು ದಿನ ನೀನು ಮಾಡಿದ್ರಲ್ಲಿ ಇದೇ ಚೆನ್ನಾಗಿರೋದು ಕಣಯ್ಯ. ಒಂದು ತಪ್ಪು ತೆಗೆಯೋಕಾಗಲ್ಲ.”

ಅಂಗಡಿಯವನು ತೊಡೆ ತಟ್ಟಿಕೊಂಡು ನಕ್ಕ. ಎಲ್ಲರೂ ನಕ್ಕರು. ಯಜಮಾನರು ಎಷ್ಟು ನಕ್ಕರು ಅಂದರೆ ಮೀಸೆ ಮೇಲಕ್ಕೆದ್ದು, ಜನ್ಮದಲ್ಲಿ ಮೊದಲ ಸಲ ಅವರ ತುಟಿ ನನಗೆ ಕಂಡಿತು: “ಖಾಲಿ ಕ್ಯಾಸೆಟ್ಟೇ ಚೆನ್ನಾಗಿದೆ ಅಂದ್ಬಿಟ್ನಲ್ಲಯ್ಯ! ಕಿವಿಯೂ ಸೈ, ನಾಲಿಗೆಯೂ ಸೈ!”

ಕೀಬೋರ್ಡ್‌ನವನು ರೆಕಾರ್ಡ್ ಮಾಡುವಾಗ ವೈರು ಸಿಕ್ಕಿಸೋದು ಮರೆತಿದ್ದನಂತೆ. ಟೇಪಲ್ಲಿ ಏನೂ ಇರಲಿಲ್ಲ. ನಾನು ಬೇಕಂತಲೇ ಗೇಲಿ ಮಾಡಿದೆ ಅಂತ ಎಲ್ಲರೂ ತಿಳಕೊಂಡರು.

ನಾನೂ ನಕ್ಕೆ. ಮತ್ತೇನು ಮಾಡ್ಲಿ? ನಗದವನು ಅವನೊಬ್ಬ. ಕ್ಯಾಸೆಟ್ ತೆಗೆದು ಜೇಬಿಗೆ ಹಾಕಿಕೊಂಡು ಎದ್ದು ಹೋದ. ಮಾರನೇ ದಿನ ಕೀಬೋರ್ಡನ್ನ ಹಳೇ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದನಂತೆ. ಅವನು ಊರು ಬಿಡೋವರೆಗೂ ಅದು ಕೆಳಗೆ ಇಳೀಲಿಲ್ಲ.

ಆದರೆ ನಾನೇನು ಕೆಟ್ಟವನಲ್ಲ. ಅದೇ ಭಾನುವಾರ ಸಂಜೆ ನೆಟ್ಟಗೆ ಅವನ ಮನೆಗೆ ಹೋದೆ. ಕೈ ಹಿಡಿದು ಎಲ್ಲಾ ಹೇಳಿಬಿಟ್ಟೆ: ನಂಗೆ ಕಿವಿ ಕೇಳಲ್ಲ ಕಣಪ್ಪ, ನಿನ್ನ ಒಂದು ಹಾಡೂ ನಾನು ಕೇಳಿಲ್ಲ, ನನ್ನ ಮಾತು ತಲೆಗೆ ಹಚ್ಕೋಬೇಡ. ಅವನು ಬಿದ್ದು ಬಿದ್ದು ನಕ್ಕ. ಆ ದೊಡ್ಡ ಹಾಡನ್ನ ನನಗೋಸ್ಕರ ಪೂರ್ತಿ ನುಡಿಸಿದ, ನಾನು ಕೀಬೋರ್ಡ್ ಇಟ್ಟಿದ್ದ ಹಲಗೆ ಮೇಲೆ ಕೈಯಿಟ್ಟು ಕೂತಿದ್ದೆ. ಇಬ್ಬರೂ ಅತ್ತೆವು. ಅವನ ಹೆಂಡತಿ ಕಾಫಿ ಕೊಟ್ಟಳು.

ಸೊಸೆ ಬರೆಯೋದು ನಿಲ್ಲಿಸಿದಳು.

“ಮಾವ, ಆಮೇಲೆ ಎಷ್ಟು ವರ್ಷ ಮೇಸ್ತ್ರಿ ಕೆಲಸ ಮಾಡಿದ್ರಿ?”

“ಆರು ವರ್ಷ. ಅದೇ ಹೆಸರಲ್ಲಿ. ಅವನು ಒಳ್ಳೆಯವನು ಕಣಮ್ಮ, ಯಾರ ಹತ್ರನೂ ಬಾಯಿ ಬಿಡಲಿಲ್ಲ.”

ಅವಳು ಬರೆದದ್ದರ ಮೇಲೆ ಒಂದು ಸಲ ಬೆರಳಾಡಿಸಿದಳು. ಆಮೇಲೆ ನನ್ನ ಕಡೆ ಪೂರ್ತಿ ತಿರುಗಿ, ಒಂದೊಂದೇ ಮಾತು ಬಿಡಿಸಿ ಕೇಳಿದಳು: “ಭಾನುವಾರ ಸಂಜೆನೇ ನೀವು ಹೋಗಿ ನಿಜ ಹೇಳಿದ್ರೆ, ಸೋಮವಾರ ಅವರು ಕೀಬೋರ್ಡ್ ಅಟ್ಟಕ್ಕೆ ಯಾಕೆ ಹಾಕಿದ್ರು?”

ನಾನು ಕಿವಿಗೆ ಕೈ ಅಡ್ಡ ಹಿಡಿದೆ.

“ಏನಂದೆಯಮ್ಮಾ? ಕೇಳಿಸಲಿಲ್ಲ.”