ಅಪ್ರದಕ್ಷಿಣೆಯ ಬಟನ್

ದೇವರ ಕೆಲಸಕ್ಕೆ ಕೈ ಹಾಕಿದವನಿಗೆ ದೇವರಿಂದ ಯಾವ ತೊಂದರೆಯೂ ಬರುವುದಿಲ್ಲ, ಬರುವುದೆಲ್ಲ ಕಮಿಟಿಯಿಂದ. ಇದು ನನಗೆ ಒಂದೇ ಕೆಲಸದಲ್ಲಿ ಮತ್ತೆ ಮತ್ತೆ ಅನುಭವಕ್ಕೆ ಬಂದಿದೆ. ಯಾರನ್ನೂ ಬಯ್ಯುವ ಅಭ್ಯಾಸ ನನಗಿಲ್ಲ. ಬಯ್ಯಬೇಕು ಅನ್ನಿಸಿದಾಗ ರಾಮನಾಮ ಹೇಳುತ್ತೇನೆ. ಆ ವರ್ಷ ನಾನು ಹೇಳಿದಷ್ಟು ರಾಮನಾಮವನ್ನು ನಮ್ಮ ತಾತ ಜೀವಮಾನದಲ್ಲೂ ಹೇಳಿರಲಾರರು.

ಆಗ ನಾನು ಮದರಾಸಿನ ವೆಸ್ಟ್ ಮಾಂಬಲಂನ ಒಂದು ಸಣ್ಣ ಕಂಪನಿಯಲ್ಲಿ ವೆಬ್‌ಸೈಟ್ ಮಾಡುವ ಕೆಲಸದಲ್ಲಿದ್ದೆ. ಕೀಲ್ಪಾಕಿನ ಒಂದು ಆಸ್ಪತ್ರೆಯಲ್ಲಿ ನಮ್ಮಾಕೆಯ ಹೆರಿಗೆ ತುಂಬ ಕಷ್ಟವಾದಾಗ, ಹೊರಗಡೆ ಬೆಂಚಿನ ಮೇಲೆ ಕೂತು ನಮ್ಮ ಕನ್ನಡದವರ ಭಜನಾ ಮಂದಿರದ ಶ್ರೀರಾಮನಿಗೆ ಹರಕೆ ಹೊತ್ತೆ: "ಬೆಳ್ಳಿ ಬಂಗಾರ ಕೊಡೋ ಶಕ್ತಿ ಇಲ್ಲ ಸ್ವಾಮಿ. ನನಗೆ ಬರೋ ವಿದ್ಯೆ ಒಂದೇ. ನಿನಗೊಂದು ವೆಬ್‌ಸೈಟ್ ಮಾಡಿಕೊಡ್ತೀನಿ." ತಾಯಿ ಮಗು ಇಬ್ಬರೂ ಕ್ಷೇಮವಾಗಿ ಮನೆಗೆ ಬಂದರು. ರಾಮ ತನ್ನ ಮಾತು ನಡೆಸಿಕೊಟ್ಟ. ಬರುವ ರಾಮನವಮಿಗೆ ನಾನು ನನ್ನದನ್ನು ಒಪ್ಪಿಸಬೇಕಿತ್ತು.

ಅಧ್ಯಕ್ಷರಿಗೆ ಕಾಣದ ಬಟನ್

ವೆಬ್‌ಸೈಟಿನ ಮೊದಲ ಪುಟದಲ್ಲಿ ಒಂದು ಸ್ಲೈಡರ್ ಮಾಡಿದ್ದೆ. ದೇವರ ಚಿತ್ರಗಳು ಒಂದಾದ ಮೇಲೊಂದು ಸರಿಯುತ್ತವೆ. ಎಡಬಲಕ್ಕೆ ಹಿಂದೆ, ಮುಂದೆ ಎಂದು ಎರಡು ಬಾಣದ ಬಟನ್. ಕೆಳಗೆ ಚಿತ್ರಕ್ಕೊಂದರಂತೆ ಪುಟಾಣಿ ಬಟನ್. ಚಿತ್ರ ಎಷ್ಟಿದೆಯೋ ನೋಡಿಕೊಂಡು ಪುಟಾಣಿಗಳನ್ನು ಪುಟದೊಳಗಿನ ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮು ತಾನೇ ಹುಟ್ಟಿಸುತ್ತದೆ; ಬಾಣಗಳನ್ನು ನಡೆಸುವುದೂ ಅದೇ. ಸಿಡಿಗೆ ಹಾಕಿ ಮಂದಿರದ ಕಮಿಟಿ ಅಧ್ಯಕ್ಷರಿಗೆ ಕೊಟ್ಟೆ. ಅವರು ಉಡುಪಿ ಕಡೆಯವರು, ಅಡ್ಯಾರಿನಲ್ಲಿ ಹೋಟೆಲು.

ಮಾರನೇ ದಿನವೇ ಫೋನು. "ಎಂತ ಮಾರಾಯ್ರೆ, ಗಣಪತಿ ಮಾತ್ರ ಉಂಟು. ಬಾಣ ಒತ್ತಿದ್ರೂ ಕದಲುದಿಲ್ಲ. ಕೆಳಗೆ ಬಟನೂ ಇಲ್ಲ, ಎಂತದೂ ಇಲ್ಲ."

"ನನ್ನ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಾಣುತ್ತಲ್ಲ ಸಾರ್?"

"ಹಾಗಾದ್ರೆ ನೀವು ಪುಣ್ಯವಂತರು. ನಾವು ಪಾಪಿಗಳು, ಇಡ್ಲಿ ಮಾರುವವರು."

ಎರಡು ಸಂಜೆ ಬಸ್ಸು ಹತ್ತಿ ಅಡ್ಯಾರಿಗೆ ಹೋದೆ. ಬರೆದಿದ್ದನ್ನೆಲ್ಲ ಸಾಲುಸಾಲಾಗಿ ತಡಕಿದೆ. ತಪ್ಪೇ ಇಲ್ಲ! ಮೂರನೇ ಸಂಜೆ ಹೋಟೆಲಿನ ಕಂಪ್ಯೂಟರ್ ನಡೆಸುವ ಕ್ಯಾಷಿಯರ್ ಹುಡುಗನ ಪಕ್ಕದಲ್ಲಿ ನಿಂತು ನೋಡುತ್ತೇನೆ, ಪುಟ ತೆರೆದಾಗ ಮೇಲ್ಗಡೆ ಒಂದು ಹಳದಿ ಪಟ್ಟಿ ಬಂತು: ಈ ಪುಟದ ಸ್ಕ್ರಿಪ್ಟ್ ತಡೆಹಿಡಿಯಲಾಗಿದೆ, ಅನುಮತಿ ಕೊಡುತ್ತೀರಾ ಅಂತ. ನಾನು ಓದಿ ಮುಗಿಸುವ ಮೊದಲೇ ಕ್ಯಾಷಿಯರ್ ಅದನ್ನು ಟಕ್ ಅಂತ ಮುಚ್ಚಿಬಿಟ್ಟ.

"ಯಾಕಪ್ಪ ಮುಚ್ಚಿದೆ?"

"ಡೈಲಿ ವರುದು ಸಾರ್" ಅಂದ. ದಿನಾ ಬರುತ್ತಂತೆ, ದಿನಾ ಮುಚ್ಚುತ್ತಾನಂತೆ.

ನನಗೆ ರಾಮನಾಮ ಉಕ್ಕಿ ಬಂತು. ಪುಟ ಮತ್ತೆ ತೆರೆಸಿ ಅನುಮತಿ ಒತ್ತಿದೆ, ಬಟನ್ ಎಲ್ಲ ಬಂದವು. ಅಧ್ಯಕ್ಷರು ಮಾತ್ರ ಅವನ ಬೆನ್ನು ತಟ್ಟಿದರು. "ನಮ್ಮ ಹುಡುಗ ಹಾಗೆಯೇ. ಕೇಳ್ಲಿಕ್ಕೆ ಬಂದವರಿಗೆ ಮಾಲೀಕರಿಲ್ಲ ಅಂತ್ಲೇ ಹೇಳೂದು."

ಪಾದಸೇವೆ

ಕಾರ್ಯದರ್ಶಿಗಳು ಬ್ಯಾಂಕಿನಿಂದ ನಿವೃತ್ತರಾದವರು. ಹುಟ್ಟಿ ಬೆಳೆದಿದ್ದೆಲ್ಲ ಮದರಾಸಿನಲ್ಲೇ, ಮಾತಿಗೊಂದು ತಮಿಳಿನ 'ಪಾ'. ಪೆನ್ಷನ್ ಬಂದ ಮೇಲೆ ಕಂಪ್ಯೂಟರ್ ಕ್ಲಾಸಿಗೆ ಸೇರಿ ನೋಟ್‌ಪ್ಯಾಡ್ ತೆರೆದು ಫೈಲು ತಿದ್ದುವುದನ್ನು ಕಲಿತಿದ್ದರು. ಪ್ರತಿ ಸಲ ನಾನೇ ಓಡಬಾರದು ಅಂತ, ಫೈಲಿನಲ್ಲಿರುವ ಚಿತ್ರಗಳ ಯಾದಿಗೆ ಹೊಸ ಚಿತ್ರದ ಹೆಸರು ಸೇರಿಸುವುದನ್ನು ಅವರಿಗೆ ಹೇಳಿಕೊಟ್ಟೆ. "ಸೇರಿಸಿದ್ರೆ ಸಾಕು ಸಾರ್, ಬಟನ್ ತಾನಾಗಿ ಬರುತ್ತೆ."

"ಇಷ್ಟೇನಾ ಪಾ? ಒಂದೇ ಸಾಲು ತಾನೇ!" ಅಂದರು.

ವಾರ ಬಿಟ್ಟು ನೋಡಿದರೆ, ಗಣಪತಿ ಆಂಜನೇಯರ ಹಿಂದೆ ಫ್ಯಾನ್ ಕೊಟ್ಟವರು, ಜಮಖಾನ ಕೊಟ್ಟವರು, ಪಾತ್ರೆ ಕೊಟ್ಟವರು, ಎಲ್ಲರೂ ಶಾಲು ಹೊದ್ದುಕೊಂಡು ನಿಂತಿದ್ದಾರೆ. ಒಬ್ಬೊಬ್ಬರಿಗೂ ಒಂದೊಂದು ಬಟನ್ ಹುಟ್ಟಿ, ಒಂದು ಸಾಲಿನಲ್ಲಿ ಹಿಡಿಸದೆ ಎರಡನೇ ಸಾಲು, ಮೂರನೇ ಸಾಲಾಗಿ ಮೇಲಕ್ಕೆ ಹತ್ತಿ, ಶ್ರೀರಾಮನ ಮೊಣಕಾಲಿನವರೆಗೆ ಮುಚ್ಚಿಬಿಟ್ಟಿವೆ.

"ಸಾರ್, ರಾಮದೇವರ ಪಾದವೇ ಕಾಣ್ತಿಲ್ಲ!" ಎಂದೆ.

ಅವರು ಕನ್ನಡಕ ಏರಿಸಿ ನೋಡಿದರು. "ಪಾದದ ಹತ್ರ ಜಾಗ ಸಿಗ್ಲಿ ಅಂತ ತಾನೇ ಪಾ ಅವ್ರೆಲ್ಲ ಕೊಟ್ಟಿದ್ದು?"

ದಾನಿಗಳಿಗೆ ಬೇರೆ ಪುಟ ಮಾಡಿಕೊಟ್ಟು ದೇವರ ಪಾದ ಬಿಡಿಸಿಕೊಂಡೆ.

ಒಂದೇ ಸಾಲು

ರಾಮನವಮಿಗೆ ಊರಿನ ಕಡೆಯಿಂದ ಹಿರಿಯ ಸ್ವಾಮಿಗಳು ಬರುವವರಿದ್ದರು. ಅವರ ಕೈಯಿಂದ ಬಟನ್ ಒತ್ತಿಸಿದರೆ ನನ್ನ ಹರಕೆ ಸಂದ ಹಾಗೆ. ಹಿಂದಿನ ದಿನ ಮಂದಿರದ ಕಂಪ್ಯೂಟರಿನಲ್ಲಿ ಎಲ್ಲವನ್ನೂ ಪರೀಕ್ಷೆ ಮಾಡುತ್ತ ಕೂತಿದ್ದಾಗ ಕಾರ್ಯದರ್ಶಿಗಳು ಬೆನ್ನ ಹಿಂದೆ ಬಂದು ನಿಂತರು. ನಾನು ಮುಂದಿನ ಬಾಣ ಒತ್ತಿದೆ: ಗಣಪತಿ, ಆಂಜನೇಯ, ಶ್ರೀರಾಮ, ನವಗ್ರಹ. ಹಿಂದಿನ ಬಾಣ ಒತ್ತಿದೆ: ನವಗ್ರಹ, ಶ್ರೀರಾಮ, ಆಂಜನೇಯ...

"ನಿಲ್ಸಿ ನಿಲ್ಸಿ! ಏನು ಮಾಡ್ತಾ ಇದೀರಿ?"

"ಹಿಂದಿನ ಬಟನ್ ನೋಡ್ತಿದೀನಿ ಸಾರ್."

"ಅದು ಅಪ್ರದಕ್ಷಿಣೆ ಪಾ! ಮಂದಿರದಲ್ಲಿ ಹೀಗೆ ಉಲ್ಟಾ ಸುತ್ತುತ್ತೀರಾ?"

ನನಗೂ ಹೌದಲ್ಲ ಅನ್ನಿಸಿತು. ಆದರೆ ಯೋಚಿಸಿ ಹೇಳಿದೆ: "ನೋಡೋರು ಒಂದು ಚಿತ್ರ ದಾಟಿ ಹೋದ್ರೆ ವಾಪಸ್ ಬರೋದು ಹೇಗೆ ಸಾರ್?"

"ಪೂರಾ ಒಂದು ಸುತ್ತು ಬರ್ಲಿ. ಪುಣ್ಯ ಬರುತ್ತೆ."

"ಆ ಬಟನ್ ತೆಗೆಯೋಕಾಗಲ್ಲ. ಸ್ಕ್ರಿಪ್ಟು ಎರಡೂ ಬಟನ್ ಹುಡುಕುತ್ತೆ. ಒಂದು ಸಿಗದಿದ್ರೆ ಅಲ್ಲೇ ನಿಂತುಬಿಡುತ್ತೆ." ಕೈ ಮುಗಿದು ಹೇಳಿದೆ. ಅವರು "ಸರಿ ಪಾ, ಸರಿ" ಅಂದರು. ನಂಬಿ ಮನೆಗೆ ಹೋದೆ.

ಮರುದಿನ ಮಂದಿರ ತುಂಬಿತ್ತು. ನಮ್ಮಾಕೆ ಮಗುವನ್ನೆತ್ತಿಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದಳು. ಸ್ವಾಮಿಗಳು ಮುಂದಿನ ಬಾಣ ಒತ್ತಿದರು. ಗಣಪತಿ ಕದಲಲಿಲ್ಲ. ಮತ್ತೆ ಒತ್ತಿದರು. ಅಧ್ಯಕ್ಷರು ನನ್ನ ಕಿವಿಯ ಹತ್ತಿರ, "ಹಳದಿ ಪಟ್ಟಿಯಾ ಮಾರಾಯ್ರೆ?" ಅಂದರು. ನಾನು ಪರದೆ ನೋಡಿದೆ. ಹಿಂದಿನ ಬಾಣ ಮಾಯ.

"ಒಂದೇ ಸಾಲು ತಾನೇ," ಕಾರ್ಯದರ್ಶಿಗಳು ಮೆಲ್ಲಗೆ ಅಂದರು, "ನಾನೇ ಅಳಿಸಿದೆ."

ಆ ಕ್ಷಣ ಬಾಯಿಗೆ ರಾಮನಾಮವೂ ಬರಲಿಲ್ಲ. ಹೊತ್ತ ಹರಕೆ, ಮಾಡಿದ ಕೆಲಸ, ಎಲ್ಲ ಒಬ್ಬರ ನೋಟ್‌ಪ್ಯಾಡಿಗೆ ಬಲಿಯಾಯಿತಲ್ಲ! ಕಣ್ಣಲ್ಲಿ ನೀರು ಬಂತು. ಸ್ವಾಮಿಗಳು "ಏನಾಯಿತು?" ಎಂದು ಕೇಳಿದರು. ಹರಕೆಯಿಂದ ಅಪ್ರದಕ್ಷಿಣೆಯವರೆಗೆ ಒಂದೂ ಬಿಡದೆ ಹೇಳಿಕೊಂಡೆ.

ಅವರು ನಕ್ಕುಬಿಟ್ಟರು. "ಮಂದಿರದಲ್ಲಿ ದೇವರು ನಿಂತಿರುತ್ತಾನೆ, ನಾವು ಸುತ್ತುತ್ತೇವೆ. ಇಲ್ಲಿ ನಾವು ಕುರ್ಚಿಯಲ್ಲಿ ಕೂತಿದ್ದೇವೆ, ಪಾಪ, ದೇವರೇ ಓಡಾಡುತ್ತಿದ್ದಾನೆ. ಪ್ರದಕ್ಷಿಣೆ ಯಾರು ಯಾರಿಗೆ ಹಾಕುತ್ತಿದ್ದಾರಪ್ಪ?" ಇಡೀ ಮಂದಿರ ನಕ್ಕಿತು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಹರಕೆ ಸಂದಿದೆ. ಬಟನ್ ಸರಿಮಾಡಿಡಿ, ನಾವು ಪೂಜೆ ಮುಗಿಸಿ ಬಂದು ಒತ್ತುತ್ತೇವೆ" ಅಂದರು.

ಹೋದ ಜೀವ ಬಂದಂತಾಯಿತು. ಐದು ನಿಮಿಷದಲ್ಲಿ ಆ ಸಾಲು ಮತ್ತೆ ಬರೆದೆ. ಹಿಂದೆ, ಮುಂದೆ, ಎರಡೂ ಓಡಿದವು. ಹೋಗಿ ಒಂದು ಲೋಟ ಪಾನಕ ತಗೊಂಡೆ. ಅಷ್ಟರಲ್ಲಿ ಕಾರ್ಯದರ್ಶಿಗಳು ಬಂದರು. ಮುಖದಲ್ಲಿ ಎಂದೂ ಕಾಣದ ವಿನಯ.

"ಗುರುಗಳು ಕಣ್ಣು ತೆರೆಸಿದ್ರು ಪಾ. ದೇವರನ್ನ ನಾವು ಓಡಾಡಿಸೋದೇ ದೊಡ್ಡ ಅಪಚಾರ. ಹಾಗೆ ನೋಡಿದ್ರೆ ಮುಂದಿನ ಬಟನೂ ತಪ್ಪೇ."

ನಾನು ಲೋಟ ಕೆಳಗಿಟ್ಟೆ. "ಸಾರ್, ಏನು ಮಾಡಿದ್ರಿ?"

"ಏನಿಲ್ಲ," ಅಂದರು, "ಒಂದೇ ಸಾಲು ತಾನೇ."