ಅರಿಶಿನ ದಾರ ಕಟ್ಟಿದ ಗಿಡಗಳು

ನಮ್ಮ ದೊಡ್ಡಪ್ಪನಿಗೆ ಮನುಷ್ಯರ ಗುರುತು ಹತ್ತುವುದಿಲ್ಲ. ಸ್ವಂತ ಅಳಿಯನನ್ನೇ ಬಸ್ ಸ್ಟ್ಯಾಂಡಿನಲ್ಲಿ ‘ಯಾವೂರಪ್ಪ ನಿಂದು?’ ಎಂದು ವಿಚಾರಿಸಿ, ‘ಹೌದಾ! ಅಲ್ಲಿಗೇ ನನ್ನ ಮಗಳನ್ನ ಕೊಟ್ಟಿರೋದು’ ಎಂದು ಸಂತೋಷಪಟ್ಟವರು. ಆದರೆ ಎಲೆ ಉದುರಿಸಿಕೊಂಡು ಒಣಕಡ್ಡಿಯಾಗಿ ನಿಂತ ಗಿಡವನ್ನು ಮೊಪೆಡ್ ಮೇಲಿಂದಲೇ ಗುರುತು ಹಿಡಿಯುತ್ತಾರೆ.

ಚಿಂತಾಮಣಿಯಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದು ನಿವೃತ್ತರಾದ ಇವರ ಕೈಗೆ ಒಂದು ವರದಿ ಸಿಕ್ಕಿತು. ಮಂಚೇನಹಳ್ಳಿ ಆಚೆಯ ಕಣಿವೆಯಲ್ಲಿ ಜಲಾಶಯ ಕಟ್ಟುತ್ತಾರಂತೆ. ಮುಳುಗುವ ಸಸ್ಯಗಳು ಯಾವುವು ಎಂಬಲ್ಲಿ ಎರಡೇ ಪದ: ‘ಕುರುಚಲು ಗಿಡಗಳು’. ದೊಡ್ಡಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಕೇಳಲು ಹೋದರೆ ಎಂಜಿನಿಯರ್, ‘ನೀವೇ ಗುರುತು ಮಾಡಿ ಪಟ್ಟಿ ಕೊಡಿ ಮೇಷ್ಟ್ರೇ. ಅಪರೂಪದವನ್ನ ಕಿತ್ತು ಮೇಲ್ಗಡೆ ನೆಡಿಸೋಣ’ ಎಂದು ಬಾಯಿಮಾತಿಗೆ ಅಂದರು. ಬಾಯಿಮಾತಿನ ಗುರುತೂ ದೊಡ್ಡಪ್ಪನಿಗೆ ಹತ್ತುವುದಿಲ್ಲ.

ಶಿಡ್ಲಘಟ್ಟದ ರೀಲಿಂಗ್ ಮನೆಗಳಲ್ಲಿ ಬಿಸಾಡಿದ ರೇಷ್ಮೆ ಎಳೆ ತಂದು, ಅರಿಶಿನದಲ್ಲಿ ಅದ್ದಿ, ಉಳಿಸಬೇಕಾದ ಗಿಡಕ್ಕೆಲ್ಲ ಕಟ್ಟತೊಡಗಿದರು. ಪಟ್ಟಿ ಬರೆಯುವ ಕೆಲಸ ನನ್ನದು.

ಕುರಿ ಮೇಯಿಸುವ ಹೆಂಗಸೊಬ್ಬಳು ನಿಂತು ನೋಡಿದಳು. ‘ಕಂಕಣ ಕಟ್ತಿದೀರಲ್ಲ ಸಾಮಿ, ಮದುವೆ ಯಾವಾಗ?’

‘ಮದುವೆ ಅಲ್ಲಮ್ಮ, ಪಟ್ಟಿ ಮಾಡ್ತಿದೀನಿ.’

‘ಪಟ್ಟಿ ಮಾಡಿದ್ರೆ ಮುಳುಗಲ್ವಾ?’

ದೊಡ್ಡಪ್ಪ ಇನ್ನೊಂದು ಗಿಡದ ಕಡೆ ಹೋದರು.

ಪಟ್ಟಿ ಕೊಟ್ಟ ಹದಿನೈದನೇ ದಿನ ಹೋಗಿ ನೋಡಿದರೆ ದಾರ ಕಟ್ಟಿದ ಒಂದು ಗಿಡವೂ ನಿಂತಿಲ್ಲ. ರಾಶಿ ಹಾಕಿದ್ದಾರೆ. ಕಣಿವೆ ಸವರಲು ಬಂದ ಮೇಸ್ತ್ರಿ ಹೆಮ್ಮೆಯಿಂದಲೇ ಹೇಳಿದ: ‘ಗುರುತು ಇರೋದನ್ನ ಮೊದಲು ಕಡಿಯೋದು ನಮ್ಮ ಪದ್ಧತಿ ಸಾರ್. ಯಾರು ಕಟ್ಟಿದ್ರೋ, ಬಲು ನೀಟಾಗಿ ಕಟ್ಟಿದ್ರು.’

ಯಾರೂ ಗುರುತು ಹಾಕದ ಲಂಟಾನ ಕಳೆ ಮಾತ್ರ ಹೂ ಬಿಟ್ಟುಕೊಂಡು ಹಾಯಾಗಿತ್ತು.

ದೊಡ್ಡಪ್ಪ ರಾಶಿಯ ಪಕ್ಕ ಕೂತು ಒಂದೊಂದೇ ದಾರ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ನನ್ನನ್ನು ಬಂಡೆಗಳ ನಡುವೆ ಕರೆದುಕೊಂಡು ಹೋದರು. ಸೀಳಿನಲ್ಲಿ ಮಾಗಳಿ ಬಳ್ಳಿ; ಅದರ ಬೇರಿನಿಂದ ಉಪ್ಪಿನಕಾಯಿ ಹಾಕುತ್ತಾರೆ. ಅದಕ್ಕೆ ದಾರವಿರಲಿಲ್ಲ. ಪಟ್ಟಿಯಲ್ಲೂ ಇರಲಿಲ್ಲ.

‘ಇದಕ್ಯಾಕೆ ಕಟ್ಟಿಲ್ಲ ದೊಡ್ಡಪ್ಪ?’

‘ಮರೆಯೋ ಹಾಗಿದ್ರೆ ತಾನೇ ಕಟ್ಟೋದು? ಮದುವೆಯಾದ ವರ್ಷ ನಿಮ್ಮ ದೊಡ್ಡಮ್ಮ ತೋರಿಸಿದ್ದು ಕಣೋ.’

ವರ್ಷವರ್ಷವೂ ಮಾಗಳಿ ಉಪ್ಪಿನಕಾಯಿ ಹಾಕುತ್ತಿದ್ದ ದೊಡ್ಡಮ್ಮ ತೀರಿಕೊಂಡು ನಾಲ್ಕು ವರ್ಷ. ಬಳ್ಳಿಯನ್ನು ಕಿತ್ತು ಮೇಲ್ಗಡೆ ನೆಡೋಣವೆಂದು, ಮೇಸ್ತ್ರಿಯ ಹಾರೆ ತಂದು ಇಬ್ಬರೂ ಸರದಿಯಂತೆ ಹಾಕಿದೆವು. ಬೇರು ಬಂಡೆಯೊಳಗೆ ಎಲ್ಲಿಗೆ ಇಳಿದಿತ್ತೋ, ಬರಲಿಲ್ಲ. ಬೆರಳುದ್ದದ ಒಂದು ತುಂಡು ಮಾತ್ರ ಮುರಿದು ಬಂತು. ದೊಡ್ಡಪ್ಪ ಅದನ್ನು ಉಗುರಿನಿಂದ ಗೀರಿ ಮೂಸಿ ನೋಡಿದರು. ಆಮೇಲೆ ನನ್ನ ಮೂಗಿಗೂ ಹಿಡಿದರು.

‘ನೋಡು,’ ಎಂದರು, ‘ಅವಳ ಕೈ.’