ನಾಲ್ಕು ಗಂಟೆಗೆ ನೀರು

ಸಮುದ್ರದಲ್ಲಿ ನೀರಿರಲಿಲ್ಲ. ತಕರಾರು ಶುರುವಾದದ್ದು ಅಲ್ಲಿಂದ.

ಮುಂಬೈ ಹತ್ತಿರದ ಕಡಲಂಚಿನ ರಾಷ್ಟ್ರೀಯ ಉದ್ಯಾನ ನೋಡಲು ಮಸ್ಕಿ ಕಡೆಯ ರೈತರು ಬಸ್ಸು ಮಾಡಿಕೊಂಡು ಬಂದಿದ್ದರು. ಎಲ್ಲರೂ ಕಾಲುವೆಯ ಕಟ್ಟಕಡೆಯ ಗದ್ದೆಯವರು. ಈ ಸಲವಾದರೂ ನೀರು ಮುಟ್ಟಿಸಲಿ ಎಂದು ಕಾಲುವೆ ಗೇಟು ಕಾಯುವ ಚನ್ನವೀರನನ್ನು ಕಿಟಕಿ ಸೀಟಿನಲ್ಲಿ ಕೂರಿಸಿ ಕರೆತಂದಿದ್ದರು. ಈಗ ನೋಡಿದರೆ ಗಿಡಗಂಟಿಯಾಚೆ ಕಣ್ಣು ಹರಿಯುವಷ್ಟು ದೂರ ಬರೀ ಕೆಸರು.

“ಇದನ್ನ ನೋಡಾಕ ಇಲ್ಲೀತನ ಬಂದ್ವೇನು?” ಎಂದ ಅಂಬಪ್ಪ.

“ಚನ್ನವೀರಪ್ಪ ಕಾಲಿಟ್ಟಾನಲ್ಲ, ಇನ್ನೆಲ್ಲಿ ನೀರು?” ಎಂದಳು ಮುದುಕಿ ಗಾಳೆಮ್ಮ. ಬಸ್ಸಿಗೆ ಬಸ್ಸೇ ನಕ್ಕಿತು.

ಚನ್ನವೀರನ ಮುಖ ಒಣಮೆಣಸಿನಕಾಯಿಯಾಯಿತು. ಇಲ್ಲಿ ಮಾನ ಹೋದರೆ ಊರಲ್ಲಿ ತನ್ನ ಗೇಟಿನ ಬೀಗಕ್ಕೂ ಯಾರೂ ಕೈಮುಗಿಯುವುದಿಲ್ಲ! ಮೆಲ್ಲಗೆ ಜಾರಿ ಉದ್ಯಾನದ ಕಾವಲುಗಾರನನ್ನು ಹಿಡಿದ.

“ಪಾನಿ ಕಬ್ ಆತಾ, ಭಯ್ಯಾ?”

“ಚಾರ್ ಬಜೆ.”

ಮರಳಿ ಬಂದವನ ಎದೆ ಗಾಳಿ ತುಂಬಿದ ಟ್ರ್ಯಾಕ್ಟರ್ ಟ್ಯೂಬು. ಮೊಬೈಲು ಕಿವಿಗಿಟ್ಟ. “ಹಲೋ ಸಾಹೇಬ್ರ, ನಮ್ಮ ಮಂದಿ ಬಂದೈತ್ರೀ. ನಾಕಕ್ಕ ಬಿಡ್ರಿ. ಪೂರಾ ಬಿಡ್ರಿ.”

“ಯಾವ ಸಾಹೇಬ್ರಪ್ಪಾ?” ಗಾಳೆಮ್ಮ ಕೇಳಿದಳು.

“ಸಮುದ್ರದ ಸಾಹೇಬ್ರು. ನಂದೊಂದು ಫೋನ್ ಹೋದ್ರ ಎಂಥಾ ನೀರಾದ್ರೂ ಬರತೈತಿ!”

ನಾಲ್ಕಕ್ಕೆ ನೀರು ಬಂತು. ಮೊದಲು ಹಾವಿನಂತೆ ಹರಿದು, ಆಮೇಲೆ ಮದುವೆ ದಿಬ್ಬಣದಂತೆ ನುಗ್ಗಿತು. ಅಂಬಪ್ಪ ಚನ್ನವೀರನನ್ನು ಹೆಗಲ ಮೇಲೆ ಹೊತ್ತು ನೀರಿಗೇ ಇಳಿದ. ಜೈಕಾರ ಹಾಕುತ್ತ ಮಂದಿ ಸುತ್ತ ನಿಂತರು. ಚನ್ನವೀರ ಮೀಸೆ ತಿರುವಿದ.

“ಸಾಕು, ಇಳಸೋ.”

“ಅವಸರ ಯಾಕ?” ಗಾಳೆಮ್ಮ ಸೀರೆ ಎತ್ತಿಕಟ್ಟಿ ಹತ್ತಿರ ಬಂದಳು. “ಸಮುದ್ರ ಉಬ್ಬೂದು, ಇಳಿಯೂದು ನಮಗೂ ಗೊತ್ತೈತಪ್ಪ. ಪಾರ್ಕಿನ ಬಾಗಲದಾಗ ನೀರು ಬರೋ ಟೈಮು ಬರದಾರ. ಅಂಬಪ್ಪ ಓದಿ ಹೇಳಿದ.”

“ಮತ್ತ ಸುಮ್ನ ಯಾಕಿದ್ರಿ?”

“ನಿನ್ನ ಬಾಯಾಗ ನೀರಿನ ಟೈಮು ಕೇಳಿ ಹದಿನೈದು ವರ್ಷ ಆಗಿತ್ತು. ಕಿವಿ ತಂಪಾತು. ಯಾವ ಸಾಹೇಬನೂ ಇಲ್ದ ಸಮುದ್ರ ಟೈಮಿಗೆ ಬಂತು. ನಮ್ಮ ಕಾಲುವಿಗೆ ಇಷ್ಟು ಮಂದಿ ಸಾಹೇಬ್ರು ಅದೀರಿ. ನಮ್ಮ ಗದ್ದಿಗೆ ಯಾವಾಗ? ಹೇಳು.”

ನೀರು ಅಂಬಪ್ಪನ ಸೊಂಟ ಮುಟ್ಟಿತ್ತು. ಚನ್ನವೀರನ ಬಾಯಿಂದ ಹದಿನೈದು ವರ್ಷದ ಹಳೇ ಉತ್ತರ ತಾನೇ ಉದುರಿತು:

“ನಾ ಏನ್ ಮಾಡ್ಲಿ? ಮ್ಯಾಲಿನವ್ರು ಬಿಟ್ಟಿಲ್ಲ…”

“ಕೆಳಗಿನವ್ರು ಬಿಟ್ಟೀವಿ!” ಎಂದು ಅಂಬಪ್ಪ ಹೆಗಲು ಕೊಡವಿದ.